ಬ್ಯಾಕ್ಟೀರಿಯಾ ಲೋಹವನ್ನು ತಿನ್ನುವುದಿಲ್ಲ, ಕಟ್ಟಿಹಾಕುತ್ತದೆ

"ಲೋಹ ತಿನ್ನುವ ಬ್ಯಾಕ್ಟೀರಿಯಾ ಇದೆಯಂತಲ್ಲ ಸರ್, ಹೊಳೆಗೆ ಬಿಟ್ಟರೆ ಆಗುವುದಿಲ್ಲವಾ?" ಮಂಗಳೂರಿನಲ್ಲಿ ನೀರು ಪರೀಕ್ಷೆಗೆ ತರುವವರು ಆಗಾಗ ಹೀಗೆ ಕೇಳುತ್ತಾರೆ. ತಾಮ್ರ, ಸತು, ಕ್ಯಾಡ್ಮಿಯಂ ಮೂಲಧಾತುಗಳು. ಯಾವ ಜೀವಿಯೂ ಅವನ್ನು ಇಲ್ಲವಾಗಿಸಲಾರದು. ನೀರಿನಲ್ಲಿ ಕರಗಿದ್ದನ್ನು ಕರಗದ ರೂಪಕ್ಕೆ ತಂದು ತಳಕ್ಕೆ ಇಳಿಸಬಲ್ಲದು, ಅಷ್ಟೇ. ಆದರೆ ಅದೇ ದೊಡ್ಡ ಉಪಕಾರ.

ಗಂಧಕವಿರುವ ಅದಿರು, ಮುಖ್ಯವಾಗಿ ಪೈರೈಟ್, ಗಣಿಯಲ್ಲಿ ಗಾಳಿ ನೀರಿಗೆ ಸಿಕ್ಕಾಗ ಗಂಧಕಾಮ್ಲ ಹುಟ್ಟುತ್ತದೆ. ಅದನ್ನು ಚುರುಕುಗೊಳಿಸುವುದೂ ಬ್ಯಾಕ್ಟೀರಿಯಾವೇ. ಆ ಆಮ್ಲ ಕಲ್ಲಿನೊಳಗಿನ ಲೋಹಗಳನ್ನು ಕರಗಿಸಿ ಹೊರತರುತ್ತದೆ. 1992ರ ಜನವರಿಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಮುಚ್ಚಿದ್ದ ವೀಲ್ ಜೇನ್ ತವರದ ಗಣಿಯಿಂದ ಇಂಥ ನೀರು ನುಗ್ಗಿ ಫಾಲ್ ಅಳಿವೆಯವರೆಗೆ ಕಿತ್ತಳೆ ಬಣ್ಣ ಹರಡಿತ್ತು.

ಇದಕ್ಕೆ ತಿರುಗೇಟು ಕೊಡುವ ಬ್ಯಾಕ್ಟೀರಿಯಾ ನಮ್ಮ ಅಳಿವೆಗಳಲ್ಲೇ ಇದೆ. ಕಾಂಡ್ಲಾ ಗಿಡಗಳ ಬುಡದ ಕಪ್ಪು ಕೆಸರನ್ನು ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಇವುಗಳದ್ದು. ಆಮ್ಲಜನಕ ಸಿಗದ ಜಾಗದಲ್ಲಿ ಇವು ನೀರಿನಲ್ಲಿ ಕರಗಿರುವ ಗಂಧಕದ ರೂಪವಾದ ಸಲ್ಫೇಟನ್ನೇ ಉಸಿರಾಟಕ್ಕೆ ಬಳಸಿ, ಕೊಳೆತ ಎಲೆಯನ್ನು ಉಂಡು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದು ಲೋಹದ ಜೊತೆ ಸೇರಿ ಕರಗದ ಸಲ್ಫೈಡ್ ಆಗುತ್ತದೆ. ಜೊತೆಗೆ ಹುಟ್ಟುವ ಬೈಕಾರ್ಬನೇಟ್ ನೀರಿನ ಹುಳಿಯನ್ನೂ ತಗ್ಗಿಸುತ್ತದೆ.

ವಿದ್ಯಾರ್ಥಿಗಳಿಗೆ ಇದನ್ನು ಗಾಜಿನ ಜಾಡಿಯಲ್ಲಿ ತೋರಿಸುತ್ತೇನೆ. ಬೈಹುಲ್ಲು, ಹಟ್ಟಿಗೊಬ್ಬರ, ಮರುವಾಯಿ ಚಿಪ್ಪಿನ ಪುಡಿ, ಒಂದು ಹಿಡಿ ಅಳಿವೆಯ ಕೆಸರು. ಮೇಲೆ ಮೈಲುತುತ್ತ ಕರಗಿಸಿದ ತೆಳುನೀಲಿ ನೀರು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವವರಿಗೆ ಈ ನೀಲಿ ಚೆನ್ನಾಗಿ ಗೊತ್ತು. ಗಾಳಿಯಾಡದಂತೆ ಮುಚ್ಚಿಟ್ಟರೆ ನೀಲಿ ಬೇಗನೆ ಮಾಸುತ್ತದೆ. ಅಷ್ಟಕ್ಕೇ ಗೆದ್ದೆವು ಎನ್ನಬಾರದು. ಆ ತಾಮ್ರವನ್ನು ಹಿಡಿದುಕೊಂಡದ್ದು ಗೊಬ್ಬರ ಮತ್ತು ಚಿಪ್ಪು. ಕೆಲವು ವಾರಗಳ ಮೇಲೆ ತಳದಿಂದ ಸಲ್ಫೈಡಿನ ಕಪ್ಪು ಏರತೊಡಗಿದಾಗ ಮಾತ್ರ ಬ್ಯಾಕ್ಟೀರಿಯಾ ಕೆಲಸ ಹಿಡಿದಿದೆ ಎಂದು ನಂಬಬಹುದು. ತಾಮ್ರ ಹೆಚ್ಚಾದರೆ ಅವೇ ಸಾಯುತ್ತವೆ. ನೆದರ್‌ಲೆಂಡ್ಸ್‌ನ ಬುಡೆಲ್‌ನಲ್ಲಿ ಸತು ಕಾರ್ಖಾನೆಯ ಕೆಟ್ಟ ಅಂತರ್ಜಲವನ್ನು 1992ರಿಂದ ಇದೇ ತತ್ವದಲ್ಲಿ ಶುದ್ಧಗೊಳಿಸಿದರು. ಸಿಕ್ಕಿದ ಸತುವಿನ ಸಲ್ಫೈಡ್ ಮತ್ತೆ ಕುಲುಮೆಗೇ ಹೋಯಿತು.

ಹಾಗಾದರೆ ಕುದುರೆಮುಖಕ್ಕೆ? ಅಲ್ಲಿ ಗಣಿಗಾರಿಕೆ ನಿಂತದ್ದು 2005ರ ಕೊನೆಗೆ. ಪಣಂಬೂರಿಗೆ ಕೊಳವೆಯಲ್ಲಿ ಬರುತ್ತಿದ್ದ ಆ ಅದಿರು ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಭದ್ರೆಯನ್ನು ಕಾಡಿದ್ದು ಮುಖ್ಯವಾಗಿ ಹೂಳು, ಆಮ್ಲವಲ್ಲ. ಹೂಳಿಗೆ ಬೇಕಾದ್ದು ಗುಡ್ಡಕ್ಕೆ ಹುಲ್ಲು, ತೋಡಿಗೆ ಒಡ್ಡು. ಚಿತ್ರದುರ್ಗದ ಇಂಗಳದಾಳಿನಂಥ ತಾಮ್ರದ ಗಣಿಯ ಮಾತು ಬೇರೆ. ಅಲ್ಲಿಯದು ಗಂಧಕದ ಅದಿರು. ಯಾವ ಕಲ್ಲು ಎಂದು ನೋಡದೆ ಬ್ಯಾಕ್ಟೀರಿಯಾ ಮಾರುವವರನ್ನು ದಯವಿಟ್ಟು ನಂಬಬೇಡಿ.

ಯೋಜನೆ ಹಿಡಿದು ಬರುವವರನ್ನು ನಾನು ಮೊದಲು ಕೇಳುವುದು ಕಪ್ಪು ಕೆಸರಿನ ಬಗ್ಗೆ. ಅದನ್ನು ಎತ್ತಿ ಬಿಸಿಲಿಗೆ ಹಾಕಿದರೆ ಸಲ್ಫೈಡ್ ಗಾಳಿಗೆ ಒಡೆದು ಆಮ್ಲವೂ ಲೋಹವೂ ಮರಳಿ ಬರುತ್ತವೆ. ನೀರಿನಡಿಯಲ್ಲೇ ಉಳಿಯಬೇಕು, ಇಲ್ಲವೇ ಕುಲುಮೆಗೆ ಹೋಗಬೇಕು, ಅದೂ ಆಗದಿದ್ದರೆ ನೀರು ಇಂಗದ ಹೊಂಡಕ್ಕೆ. ಆಮೇಲೆ ಕೇಳುವುದು, ಬೈಹುಲ್ಲು ಕೊಳೆತು ಮುಗಿದ ವರ್ಷ ಹೊಸದನ್ನು ಯಾರು ಹಾಕುತ್ತಾರೆ, ಅದಕ್ಕೆ ದುಡ್ಡು ಎಲ್ಲಿಟ್ಟಿದ್ದೀರಿ ಎಂದು.