‘ಸಾಕು’ ಮತ್ತು ‘ಸಾಕಾಯಿತು’

ಓದುಗರ ಪ್ರಶ್ನೆ: ಕೆಲಸವಿದೆ, ಮನೆಯಿದೆ, ಕೊರತೆ ಎನ್ನುವಂಥದ್ದು ಏನೂ ಇಲ್ಲ. ಆದರೂ ಇನ್ನೇನೋ ಬೇಕು, ಇನ್ನೇನೋ ಮಾಡಬೇಕು ಎಂಬ ತಳಮಳ ತಪ್ಪುವುದಿಲ್ಲ. ‘ಕಡಿಮೆ ಮಾಡಿ, ನೆಮ್ಮದಿಯಾಗಿರಿ’ ಎನ್ನುವವರಿದ್ದಾರೆ. ಅದು ಸೋಮಾರಿತನಕ್ಕೆ ಕೊಟ್ಟ ಚೆಂದದ ಹೆಸರಲ್ಲವೇ? ಕಡಿಮೆ ಮಾಡಿದರೆ ನಿಜವಾಗಿಯೂ ತೃಪ್ತಿ ಸಿಗುತ್ತದೆಯೇ?

ಸಿಗುತ್ತದೆ. ಆದರೆ ಬಿಟ್ಟ ಮರುದಿನವೇ ಸಿಗುವುದಿಲ್ಲ, ಮೊದಲ ಕೆಲವು ವಾರ ತಳಮಳ ಇನ್ನೂ ಹೆಚ್ಚಾಗಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪ್ರಯತ್ನ ಮಾಡಿದ ಅನೇಕರು ಕೈಚೆಲ್ಲುವುದು ಆ ವಾರಗಳಲ್ಲಿಯೇ.

ನಮ್ಮ ‘ಸಾಕು’ ಎಂಬ ಪುಟ್ಟ ಮಾತಿಗೆ ಎರಡು ಮುಖಗಳಿವೆ. ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದು ‘ಸಾಕು’ ಎನ್ನುತ್ತೇವೆ. ಅದು ತುಂಬಿದವರ ಮಾತು. ದಿನದ ಕೊನೆಗೆ ಕುರ್ಚಿಯಲ್ಲಿ ಕುಸಿದು ‘ಸಾಕಾಯಿತಪ್ಪಾ’ ಎನ್ನುತ್ತೇವೆ. ಅದು ಬರಿದಾದವರ ಮಾತು. ಊಟಕ್ಕೆ ಕುಳಿತಾಗ ಮೊದಲನೆಯದನ್ನು ಹೇಳಲು ಎಲ್ಲರಿಗೂ ಬರುತ್ತದೆ. ಕೆಲಸ, ವಸ್ತು, ಹೆಸರು, ಹೊಣೆ ಎಂದಾಗ ಮಾತ್ರ ಎರಡನೆಯದು ಬಾಯಿಗೆ ಬರುವವರೆಗೆ ನಾವು ನಿಲ್ಲುವುದಿಲ್ಲ. ಹೊಟ್ಟೆಗೆ ತನ್ನ ಅಳತೆ ಗೊತ್ತಿದೆ. ಉಳಿದ ಆಸೆಗಳಿಗೆ ಅಂಥ ಅಳತೆ ಹುಟ್ಟಿನಿಂದ ಬಂದಿಲ್ಲ, ಅದನ್ನು ನಾವೇ ಇಟ್ಟುಕೊಳ್ಳಬೇಕು.

ಈ ತಳಮಳ ನಿಮ್ಮ ಸ್ವಭಾವದ ದೋಷವೆಂದು ದಯವಿಟ್ಟು ತಿಳಿಯಬೇಡಿ. ಮಿದುಳಿನಲ್ಲಿ ‘ಬೇಕು’ ಎನ್ನಿಸುವ ಏರ್ಪಾಡು ಬೇರೆ, ‘ಹಿತವಾಯಿತು’ ಎನ್ನಿಸುವ ಏರ್ಪಾಡು ಬೇರೆ. ಮಿಷಿಗನ್ ವಿಶ್ವವಿದ್ಯಾಲಯದ ನರವಿಜ್ಞಾನಿ ಕೆಂಟ್ ಬೆರಿಡ್ಜ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಇಲಿಗಳಲ್ಲಿ ಕಂಡರು. ‘ಬೇಕು’ ಎನ್ನಿಸುವ ಏರ್ಪಾಡನ್ನು ನಡೆಸುವ ಮಿದುಳಿನ ರಾಸಾಯನಿಕ ಡೋಪಮಿನ್ ಬಹುಪಾಲು ಇಲ್ಲವಾದ ಇಲಿಗಳು ಎದುರಿಗೆ ಆಹಾರವಿದ್ದರೂ ತಾವಾಗಿ ತಿನ್ನಲು ಹೋಗಲಿಲ್ಲ. ಆದರೆ ಸಿಹಿಯನ್ನು ಬಾಯಿಗೆ ಹಾಕಿದಾಗ ಎಂದಿನಂತೆಯೇ ತುಟಿ ಸವರಿಕೊಂಡವು. ಅಂದರೆ ರುಚಿಯ ಸುಖ ಉಳಿದಿತ್ತು, ಬಯಕೆ ಹೋಗಿತ್ತು. ನಮ್ಮ ಸಂಕಟ ಇದರ ತಿರುವು ಮುರುವು: ಬಯಕೆ ಏರುತ್ತಲೇ ಹೋಗುತ್ತದೆ, ಸುಖ ಇದ್ದಲ್ಲೇ ಇರುತ್ತದೆ. ಇಷ್ಟಪಟ್ಟು ಕೊಂಡ ವಸ್ತು ಪೆಟ್ಟಿಗೆಯಿಂದ ಹೊರಬಂದ ಸಂಜೆಯೇ ಸಪ್ಪೆಯೆನಿಸಿದರೆ ಆರಿಸುವಾಗ ತಪ್ಪಿದಿರಿ ಎಂದು ಅರ್ಥವಲ್ಲ. ಓಡಿಸಿದ್ದು ‘ಬೇಕು’, ತಲುಪಿದ ಮೇಲೆ ಅದರ ಪಾಳಿ ಮುಗಿಯಿತು, ಅಷ್ಟೇ.

ಇನ್ನೊಂದು ಹಳೆಯ ಅಧ್ಯಯನ ನನ್ನನ್ನು ಇಂದಿಗೂ ಕಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಅದರಲ್ಲಿ ಲಾಟರಿ ಗೆದ್ದ 22 ಜನರನ್ನು ಮಾತನಾಡಿಸಿದ್ದರು. ಗೆದ್ದವರು ಇತರರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ ಎಂಬ ಮಾತೇ ಎಲ್ಲೆಡೆ ಪ್ರಸಿದ್ಧವಾಯಿತು. 22 ಜನರಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಮುಂದೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಹಣದಿಂದ ಬದುಕಿನ ಸಮಾಧಾನ ಹೆಚ್ಚಿದ್ದೂ ಕಂಡಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಬದಿಯಲ್ಲಿದ್ದ ಒಂದು ಸಣ್ಣ ಸಂಗತಿ. ಸ್ನೇಹಿತರೊಡನೆ ಮಾತು, ಬೆಳಗಿನ ಉಪಾಹಾರ, ಯಾರೋ ಹೇಳಿದ ಒಂದು ಜೋಕು, ಓದಿದ ಒಂದು ಪತ್ರಿಕೆ, ಇಂಥ ದಿನನಿತ್ಯದ ವಿಷಯಗಳು ಎಷ್ಟು ಹಿತ ಕೊಡುತ್ತವೆ ಎಂದು ಕೇಳಿದಾಗ ಗೆದ್ದವರು ಇತರರಿಗಿಂತ ಕಡಿಮೆ ಅಂಕ ಕೊಟ್ಟಿದ್ದರು. ದೊಡ್ಡದೊಂದು ಬಂದು ಚಿಕ್ಕವುಗಳ ಬೆಳಕನ್ನು ಕಿತ್ತುಕೊಂಡಿತ್ತು. ‘ಇನ್ನಷ್ಟು’ ಎಂಬುದರ ನಿಜವಾದ ಬೆಲೆ ಇದೆಂದು ನನಗೆ ಅನಿಸುತ್ತದೆ.

ಹಾಗಿದ್ದರೆ ತೆಗೆದುಹಾಕುವುದು ಇಷ್ಟು ಕಷ್ಟವೇಕೆ? ಅದು ಹೊಳೆಯುವುದೇ ಕಡಿಮೆ. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆಯಲ್ಲಿ ಲೆಗೊ ಎಂಬ ಜೋಡಿಸುವ ಆಟಿಕೆಯ ತುಂಡುಗಳ ಪುಟ್ಟ ಕಟ್ಟಡವೊಂದನ್ನು ಜನರ ಮುಂದಿಟ್ಟರು. ಅದರ ಚಾವಣಿ ಮೂಲೆಯ ಒಂದೇ ತುಂಡಿನ ಮೇಲೆ ನಿಂತು ಓಲಾಡುತ್ತಿತ್ತು. ಗಟ್ಟಿ ಮಾಡಬೇಕು; ಹೊಸದಾಗಿ ಸೇರಿಸುವ ಪ್ರತಿ ತುಂಡಿಗೂ ಅವರಿಗೆ ಸಿಗುವ ಹಣದಲ್ಲಿ ಇಷ್ಟೆಂದು ಕಳೆಯಲಾಗುತ್ತದೆ. ಆ ಒಂಟಿ ತುಂಡನ್ನು ತೆಗೆದರೆ ಚಾವಣಿ ಕೆಳಗಿನ ಪದರದ ಮೇಲೆ ಭದ್ರವಾಗಿ ಕೂರುತ್ತದೆ, ಖರ್ಚೂ ಇಲ್ಲ. ಆದರೂ ಅರ್ಧಕ್ಕಿಂತ ಹೆಚ್ಚು ಜನ ತುಂಡುಗಳನ್ನು ಸೇರಿಸುತ್ತಲೇ ಹೋದರು. ‘ತುಂಡು ತೆಗೆದರೆ ಹಣ ಕಳೆಯುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿದ ಗುಂಪಿನಲ್ಲಿ ಮಾತ್ರ ತೆಗೆದವರು ಹೆಚ್ಚಾದರು. ಬದುಕು ಓಲಾಡುವಾಗ ನಾವು ಮಾಡುವುದೂ ಇದನ್ನೇ. ಸಮಯ ಸಾಲದು ಎಂದು ಸಮಯ ಹೊಂದಿಸುವ ಒಂದು ಆ್ಯಪ್, ಆಯಾಸ ಎಂದು ಆಯಾಸ ಕಳೆಯುವ ಒಂದು ತರಗತಿ. ಆದ್ದರಿಂದ ‘ಇಲ್ಲಿಂದ ಏನನ್ನು ತೆಗೆಯಬಹುದು?’ ಎಂಬ ಪ್ರಶ್ನೆಯನ್ನು ಬೇಕೆಂದೇ ಕೇಳಿಕೊಳ್ಳಬೇಕು, ಅದು ತಾನಾಗಿ ಬರುವುದಿಲ್ಲ.

ಅಳತೆ ಇಡುವ ಬಗೆಗೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ 1956ರಲ್ಲೇ ಒಂದು ದಾರಿ ತೋರಿಸಿದ್ದರು. ಇರುವುದರಲ್ಲೆಲ್ಲ ಅತ್ಯುತ್ತಮವಾದದ್ದನ್ನು ಹುಡುಕುವ ಬದಲು, ಇಷ್ಟಿದ್ದರೆ ಸಾಕು ಎಂದು ಮೊದಲೇ ಗೆರೆ ಎಳೆದು, ಆ ಗೆರೆ ಮುಟ್ಟಿದ್ದು ಸಿಕ್ಕಾಗ ಹುಡುಕಾಟ ನಿಲ್ಲಿಸುವುದು. 2006ರ ಒಂದು ಅಧ್ಯಯನ ಓದು ಮುಗಿಸಿ ಕೆಲಸ ಹುಡುಕುವ ವಿದ್ಯಾರ್ಥಿಗಳನ್ನು ಗಮನಿಸಿತು. ಅತ್ಯುತ್ತಮವೇ ಬೇಕೆಂದು ಹಟ ಹಿಡಿದವರಿಗೆ ಶೇ 20ರಷ್ಟು ಹೆಚ್ಚು ಸಂಬಳದ ಕೆಲಸ ಸಿಕ್ಕಿತು. ಆ ಕೆಲಸದ ಬಗ್ಗೆ ಸಮಾಧಾನ ಮಾತ್ರ ಇತರರಿಗಿಂತ ಕಡಿಮೆಯಿತ್ತು. ಗೆರೆಯನ್ನು ಹುಡುಕುವ ಮುಂಚೆಯೇ ಎಳೆಯಬೇಕು ಎಂಬುದನ್ನು ಮರೆಯಬೇಡಿ. ಹುಡುಕುತ್ತಾ ಎಳೆದ ಗೆರೆ ಕಾಲು ಬಂದ ಹಾಗೆ ಮುಂದೆ ಮುಂದೆ ಹೋಗುತ್ತದೆ.

ಸೋಮಾರಿತನದ ಮಾತಿಗೆ ಬರುತ್ತೇನೆ. ಸೋಮಾರಿ ಕೆಲಸವನ್ನು ಒಪ್ಪಿಕೊಂಡು ಮಾಡದೆ ಬಿಡುತ್ತಾನೆ, ಅದರ ಭಾರ ಅವನ ತಲೆಯ ಮೇಲೆ ಹಾಗೆಯೇ ಕುಳಿತಿರುತ್ತದೆ. ಕಡಿಮೆ ಮಾಡುವವರು ಮೊದಲೇ ‘ಇದು ನನ್ನಿಂದಾಗದು’ ಎಂದು ಹೇಳಿ, ಉಳಿಸಿಕೊಂಡದ್ದನ್ನು ಮನಸ್ಸಿಟ್ಟು ಮಾಡುತ್ತಾರೆ. ಹಾಗೆ ಹೇಳಲು ಧೈರ್ಯ ಬೇಕು, ಕೆಲವರ ಮುನಿಸನ್ನೂ ತಾಳಿಕೊಳ್ಳಬೇಕು. ಒಂದು ಎಚ್ಚರಿಕೆಯೂ ಇದೆ. ದುಡಿದರೂ ಸಾಲದವರಿಗೆ ‘ಆಸೆ ಕಡಿಮೆ ಮಾಡಿ’ ಎಂದು ಹೇಳುವುದು ಕ್ರೌರ್ಯ. ಈ ಉತ್ತರ ಸಾಕಷ್ಟು ಇದ್ದೂ ಸಾಲದೆನಿಸುವವರಿಗೆ ಮಾತ್ರ.

ನನ್ನದೇ ಅನುಭವ ಹೇಳುವುದಾದರೆ, ಕೆಲವು ವರ್ಷಗಳ ಹಿಂದೆ ಹಗಲಿನ ಕೆಲಸದ ಜೊತೆಗೆ ಒಂದು ಸಂಘದ ಲೆಕ್ಕಪತ್ರ, ವಾರಾಂತ್ಯದ ಅನುವಾದ, ಹೊಸ ಭಾಷೆಯ ತರಗತಿ ಮೂರನ್ನೂ ಹೊತ್ತಿದ್ದೆ. ಲೆಕ್ಕಪತ್ರವನ್ನು ಬೇರೆಯವರಿಗೆ ಒಪ್ಪಿಸಿದೆ, ಅನುವಾದ ಬಿಟ್ಟೆ. ಮೂರೇ ವಾರದಲ್ಲಿ ತೆರವಾದ ಶನಿವಾರಕ್ಕೆ ಇನ್ನೊಂದು ತರಗತಿ ಹುಡುಕಿ ಹೆಸರು ಬರೆಸಿಬಿಟ್ಟಿದ್ದೆ! ಬಿಡುವುದಕ್ಕಿಂತ, ಬಿಟ್ಟ ಜಾಗವನ್ನು ಖಾಲಿಯಾಗಿ ಉಳಿಸಿಕೊಳ್ಳುವುದು ಕಷ್ಟ ಎಂದು ಗೊತ್ತಾದದ್ದು ಆಗ. ಆ ಹೆಸರನ್ನು ವಾಪಸ್ ಪಡೆದು ತೀರಾ ಸಣ್ಣದರಿಂದ ಶುರುಮಾಡಿದೆ: ಬೆಳಿಗ್ಗೆ ಒಲೆಯ ಮೇಲೆ ನೀರಿಟ್ಟಾಗ ಅದು ಕುದಿಯುವವರೆಗೆ ಬೇರೇನನ್ನೂ ಮಾಡಬಾರದು.

ಐದಾರು ನಿಮಿಷದ ಮಾತು. ಮೊದಲ ದಿನ ಕೈ ನಾಲ್ಕು ಸಲ ಮೊಬೈಲ್‌ನತ್ತ ಹೋಯಿತು. ಎರಡನೆಯ ವಾರ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಾ ನಿಂತಿದ್ದೆ. ಒಂದು ತಿಂಗಳಾದ ಮೇಲೆ ಇರಬೇಕು, ಸುಮ್ಮನೆ ಪಾತ್ರೆಯನ್ನೇ ನೋಡುತ್ತಿದ್ದೆ. ತಳದಲ್ಲಿ ಸಾಸಿವೆಯಂಥ ಗುಳ್ಳೆಗಳು ಕಟ್ಟಿ ಬಿಡುತ್ತಿದ್ದವು. ನೀರು ಸುಯ್ಯೆಂದು ಸದ್ದು ಮಾಡಿತು, ಸದ್ದು ಏರಿತು, ಆಮೇಲೆ ಪೂರ್ತಿ ಕುದಿ ಬಂದಾಗ ತಗ್ಗಿ ಮೃದುವಾಯಿತು. ಕುದಿಯುವ ಮುನ್ನವೇ ಹೆಚ್ಚು ಸದ್ದು ಎಂಬುದು, ಇಷ್ಟು ವರ್ಷ ದಿನವೂ ನೀರು ಕಾಯಿಸಿದ ನನಗೆ, ಆ ಬೆಳಿಗ್ಗೆ ಮೊದಲ ಬಾರಿ ಕೇಳಿಸಿತು.