ಸೋಲಾರ್ ಹಾಕಿದರೆ ನೀರಿನ ಯೋಜನೆ ಸುಸ್ಥಿರ ಆಗುತ್ತಾ?

ಓದುಗರ ಪ್ರಶ್ನೆ: ನೀರು ಸರಬರಾಜು ಯೋಜನೆಗಳ ವರದಿಯಲ್ಲಿ ‘ಸುಸ್ಥಿರತೆ’ ಅಂತ ಒಂದು ಅಧ್ಯಾಯ ಇರುತ್ತದೆ. ಅದರಲ್ಲಿ ಕಾಣುವುದು ಸೋಲಾರ್ ಪ್ಯಾನೆಲ್, ಒಂದಿಷ್ಟು ಗಿಡ. ಸುಸ್ಥಿರತೆ ಅಂದರೆ ಇಷ್ಟೇನಾ?

ಉತ್ತರ: ಖಂಡಿತ ಅಲ್ಲ. ಸೋಲಾರ್ ಒಳ್ಳೆಯದೇ, ಆದರೆ ಅದರ ಸರದಿ ಬರುವುದು ಕೊನೆಗೆ. ನೀರು ಎಲ್ಲಿಂದ ತರುವುದು, ಎಷ್ಟು ಎತ್ತರಕ್ಕೆ ಏರಿಸುವುದು, ಪೈಪಿನ ಅಳತೆ ಎಷ್ಟು ಎಂದು ತೀರ್ಮಾನವಾದ ದಿನವೇ ಮುಂದಿನ ಹಲವು ದಶಕಗಳ ಕರೆಂಟ್ ಬಿಲ್ ಹೆಚ್ಚುಕಡಿಮೆ ನಿರ್ಧಾರವಾಗಿಬಿಡುತ್ತದೆ.

ಲೆಕ್ಕ ನೋಡಿ. ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲಕ್ಕೆ ಎತ್ತಲು ಕನಿಷ್ಠ 0.27 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟರ್ ಸೇರಿ ದಕ್ಷತೆ ಶೇ. 70 ಇದ್ದರೆ ಅದು 0.39 ಆಗುತ್ತದೆ. ಈ ಎತ್ತರದ ಖರ್ಚು ತಪ್ಪಬೇಕಾದರೆ ಮೂಲವನ್ನೇ ಬೇರೆ ಕಡೆ ನೋಡಬೇಕು. ಇದರ ಮೇಲೆ ಪೈಪಿನೊಳಗಿನ ಘರ್ಷಣೆಗೂ ವಿದ್ಯುತ್ ಸುಡುತ್ತದೆ. ಅದನ್ನು ತಗ್ಗಿಸುವುದು ಮಾತ್ರ ವಿನ್ಯಾಸ ಮಾಡುವವರ ಕೈಯಲ್ಲೇ ಇದೆ. ಅಷ್ಟೇ ನೀರು ಹರಿಯುವಾಗ ವ್ಯಾಸ ಶೇ. 10 ಹೆಚ್ಚಿಸಿದರೂ ಸಾಕು, ಘರ್ಷಣೆಯ ನಷ್ಟ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಆದರೂ ಎಷ್ಟೋ ಸಲ ಗೆಲ್ಲುವುದು ಸಣ್ಣ ಪೈಪೇ. ಕಟ್ಟುವ ಖರ್ಚನ್ನಷ್ಟೇ ಹೋಲಿಸುತ್ತಾರೆ, ವಿದ್ಯುತ್ತಿನ ಖರ್ಚು ಬೇರೆಯವರ ತಲೆಗೆ ಬೀಳುತ್ತದೆ. ನನಗೆ ತುಂಬಾ ಬೇಸರ ತರಿಸುವ ಸಂಗತಿ ಇದು. ಕಟ್ಟುವುದು, ನಡೆಸುವುದು, ರಿಪೇರಿ, ಎಲ್ಲ ಸೇರಿಸಿ ಪೂರ್ತಿ ಆಯುಷ್ಯದ ಖರ್ಚನ್ನು ಹೋಲಿಸಬೇಕು, ಅಲ್ವಾ?

ಹಾಗಂತ ಸುಮ್ನೆ ದೊಡ್ಡ ಪೈಪ್ ಹಾಕುವುದೂ ತಪ್ಪು. ಬೇಡಿಕೆಯ ಅಂದಾಜು ಉಬ್ಬಿದ್ದರೆ ನೀರು ನಿಧಾನಕ್ಕೆ ಹರಿಯುತ್ತದೆ, ರೋಗಾಣು ಕೊಲ್ಲುವ ಕ್ಲೋರಿನ್ ಅಂಶ ಇಳಿಯುತ್ತದೆ, ಪೈಪಿನ ತಳದಲ್ಲಿ ಹೂಳು ಕೂರುತ್ತದೆ. ಪಂಪ್‌ಹೌಸಿನಲ್ಲಿ ಮುಂದಿನ ಪಂಪಿಗೆ ಜಾಗ ಬಿಟ್ಟು, ಸದ್ಯಕ್ಕೆ ಬೇಕಾದಷ್ಟನ್ನೇ ಕೂರಿಸುವುದು ಜಾಣತನ.

ಇದಕ್ಕೂ ಮುಂಚೆ ಕೇಳಬೇಕಾದ್ದು: ಇರುವ ನೀರು ಎಲ್ಲಿ ಹೋಗುತ್ತಿದೆ? ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ 1993ರಲ್ಲಿ ಪೂರೈಸಿದ ನೀರಿನಲ್ಲಿ ಸುಮಾರು ಶೇ. 72ರಷ್ಟು ಸೋರಿಕೆ, ಕಳ್ಳ ಸಂಪರ್ಕಗಳಲ್ಲಿ ಲೆಕ್ಕ ತಪ್ಪಿ ಹೋಗುತ್ತಿತ್ತು. ಹಳೆ ಪೈಪು ಬದಲಿಸಿದರು, ಎಲ್ಲ ಸಂಪರ್ಕಕ್ಕೂ ಮೀಟರ್ ಹಾಕಿದರು, ಸೋರಿಕೆ ಹುಡುಕಲು ತಂಡ ಕಟ್ಟಿದರು. ಎರಡು ದಶಕದೊಳಗೆ ನಷ್ಟ ಸುಮಾರು ಶೇ. 6ಕ್ಕೆ ಬಂತು. ಸೋರುವ ಜಾಲಕ್ಕೆ ಹೊಸ ಮೂಲ ಜೋಡಿಸಿದರೆ, ದುಡ್ಡು ಕೊಟ್ಟು ಶುದ್ಧ ಮಾಡಿದ ನೀರನ್ನೇ ಮಣ್ಣಿಗೆ ಸುರಿದ ಹಾಗೆ.

ಇನ್ನೊಂದು ವಿಷಯ. ಪೈಪು ಐವತ್ತು ವರ್ಷಕ್ಕೂ ಹೆಚ್ಚು ಬಾಳಬಹುದು, ಪಂಪು 15–20 ವರ್ಷಕ್ಕೆ ಬದಲಾಗಬೇಕು. ಆ ದುಡ್ಡು ಎಲ್ಲಿಂದ, ನಡೆಸುವವರು ಯಾರು, ಬಿಡಿಭಾಗ ಸುಲಭಕ್ಕೆ ಸಿಗುತ್ತಾ? ವರದಿಯಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ, ಒಪ್ಪಿಗೆ ಕೊಡುವ ಮೊದಲೇ ಬರೆದು ಕೇಳಿ.