ಡಾಕಿಂಗ್ ಸ್ಕೋರ್ ಬಂತು, ಮುಂದೇನು?

‘ಸರ್, ಸ್ಕೋರ್ ಮಸ್ತ್ ಬಂದೈತ್ರಿ, ಮೈನಸ್ 9.2!’ ಬೆಳಗಾವಿಯಲ್ಲಿ ಎಂ.ಫಾರ್ಮ್ ವಿದ್ಯಾರ್ಥಿಗಳಿಗೆ ಔಷಧ ರಸಾಯನಶಾಸ್ತ್ರ ಕಲಿಸುವ ನಾನು ಪ್ರಾಜೆಕ್ಟ್ ಶುರುವಾದರೆ ಸಾಕು, ಈ ಮಾತು ಕೇಳುತ್ತಿರುತ್ತೇನೆ. ಅವರ ಉತ್ಸಾಹ ಕಂಡು ಖುಷಿಯೇ ಆಗುತ್ತದೆ. ಆದರೆ ಅಷ್ಟಕ್ಕೇ ‘ಈ ಗಿಡದಲ್ಲಿ ಮದ್ದು ಸಿಕ್ಕಿತು’ ಎಂದು ಬರೆದುಬಿಟ್ಟರೆ ನನಗೆ ಸಂಕಟವಾಗುತ್ತದೆ.

ಡಾಕಿಂಗ್ ಅಂದರೆ ಪ್ರೊಟೀನಿನ ಪೊಟರೆಯಲ್ಲಿ ಒಂದು ಅಣುವನ್ನು ಬೇರೆ ಬೇರೆ ಭಂಗಿಯಲ್ಲಿ ಕೂರಿಸಿ, ಅದು ಎಷ್ಟು ಗಟ್ಟಿಯಾಗಿ ಅಂಟಬಹುದು ಎಂದು ಕಂಪ್ಯೂಟರ್ ಮಾಡುವ ಅಂದಾಜು. ಆ ಅಂದಾಜೇ ಸ್ಕೋರ್. ಅದನ್ನು ಪ್ರತಿ ಮೋಲ್‌ಗೆ ಇಷ್ಟು ಕಿಲೋಕ್ಯಾಲೊರಿ ಎಂದು ಹೇಳುತ್ತಾರೆ. ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಅಂಟು ಗಟ್ಟಿ. ನಮ್ಮ ಹುಡುಗರು ಬಳಸುವ ‘ಆಟೊಡಾಕ್ ವಿನಾ’ ಎಂಬ ತಂತ್ರಾಂಶ ಉಚಿತ, ವೇಗವೂ ಜಾಸ್ತಿ. ಅದನ್ನು ರೂಪಿಸಿದವರೇ 2010ರ ಪ್ರಬಂಧದಲ್ಲಿ ಅಂದಾಜಿನ ದೋಷ ಸುಮಾರು 2.85 ಕಿಲೋಕ್ಯಾಲೊರಿ ಎಂದು ಹೇಳಿದ್ದಾರೆ. 1.4 ಕಿಲೋಕ್ಯಾಲೊರಿ ಹೆಚ್ಚುಕಡಿಮೆ ಆದರೆ ಅಂಟುವ ಬಲ ಹತ್ತು ಪಟ್ಟು ಬದಲಾಗುತ್ತದೆ. ಅಂದರೆ ದೋಷವೇ ನೂರು ಪಟ್ಟು. ಹೀಗಿರುವಾಗ 8.9ಕ್ಕಿಂತ 9.2 ಮೇಲು ಅನ್ನುವುದರಲ್ಲಿ ಏನರ್ಥ, ಅಲ್ವಾ?

ಪ್ರೊಟೀನಿನ ಆಕಾರ ಊಹಿಸುವ ಎಐ ತಂತ್ರಾಂಶ ಆಲ್ಫಾಫೋಲ್ಡ್ ಬಂದ ಮೇಲೆ ಪ್ರೊಟೀನಿನ ಆಕಾರ ಸಿಗುವುದು ಸುಲಭವಾಗಿದೆ. ಆ ಕೆಲಸಕ್ಕೆ 2024ರಲ್ಲಿ ನೊಬೆಲ್ ಕೂಡ ಬಂತು. ಆದರೆ ಆಕಾರ ಗೊತ್ತಾದ ಮಾತ್ರಕ್ಕೆ ಮದ್ದು ಗೊತ್ತಾಗುವುದಿಲ್ಲ.

ಅರಿಶಿನವನ್ನೇ ನೋಡಿ. ತೇರದಾಳ, ರಾಯಬಾಗದ ಕಡೆ ಬೆಳೆಯುವುದರಿಂದ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಅದರ ಮೇಲೆ ಮಮತೆ ಜಾಸ್ತಿ. ಅದರ ಹಳದಿ ಬಣ್ಣದ ಅಣು ಕರ್ಕ್ಯುಮಿನ್ ಯಾವ ಪರೀಕ್ಷೆಗೆ ಹಾಕಿದರೂ ಕೆಲಸ ಮಾಡಿದಂತೆ ಕಾಣುತ್ತದೆ. ಸಂಶಯ ಬರಬೇಕಾದದ್ದು ಅಲ್ಲೇ. ಅದು ಗಾಢ ಹಳದಿ, ಹೊಳೆಯುತ್ತದೆ ಕೂಡ. ಹಾಗಾಗಿ ಬಣ್ಣ ಅಥವಾ ಬೆಳಕು ಅಳೆಯುವ ಯಂತ್ರ ತಪ್ಪು ಓದುತ್ತದೆ. ಲೋಹದ ಅಯಾನುಗಳನ್ನು ಹಿಡಿದುಕೊಳ್ಳುತ್ತದೆ. ಪ್ರೊಟೀನಿನಲ್ಲಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲದ ಜೊತೆ ಕಂಡಕಂಡಲ್ಲಿ ಪ್ರತಿಕ್ರಿಯೆ ನಡೆಸುತ್ತದೆ. ಇಷ್ಟೂ ಸಾಲದೆ, ಸೀರಮ್ ಇಲ್ಲದ 7.2 ಪಿಎಚ್ ಬಫರ್‌ನಲ್ಲಿ 37 ಡಿಗ್ರಿಯಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಸುಮಾರು 90% ಒಡೆದುಹೋಗುತ್ತದೆ. ಮತ್ತೆ ನೀವು ಪರೀಕ್ಷಿಸಿದ್ದು ಏನನ್ನು?

ಇಂಥ ದಾರಿತಪ್ಪಿಸುವ ರಚನೆಗಳಿಗೆ 2010ರಿಂದ ‘ಪೇನ್ಸ್’ ಎಂಬ ಹೆಸರು ಬಂದಿದೆ. 2017ರಲ್ಲಿ ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯ ವಿಮರ್ಶೆಯೊಂದು ಕರ್ಕ್ಯುಮಿನ್ ಮೇಲೆ 120ಕ್ಕೂ ಹೆಚ್ಚು ಮಾನವ ಪ್ರಯೋಗ ನಡೆದಿರುವುದನ್ನು ಎಣಿಸಿತು. ಕೊಟ್ಟವರಿಗೂ ತಗೊಂಡವರಿಗೂ ಗೊತ್ತಾಗದಂತೆ ಹುಸಿಗುಳಿಗೆಯ ಜೊತೆ ಹೋಲಿಸಿದ ಪ್ರಯೋಗಗಳಲ್ಲಿ ಒಂದೂ ಗೆದ್ದಿಲ್ಲ ಎಂದಿತು. ಅಡುಗೆಮನೆಯ ಅರಿಶಿನದ ಬಗ್ಗೆ ನನ್ನ ತಕರಾರಿಲ್ಲ. ಸಾರಿಗೆ ಹಾಕಿ, ತಿನ್ನಿ.

ಗಿಡದಿಂದ ಮದ್ದು ಬರುವುದೇ ಇಲ್ಲ ಅಂತಲ್ಲ. ನಮ್ಮ ಪಶ್ಚಿಮ ಘಟ್ಟದ ನೊಥಪೊಡೈಟಿಸ್ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಅಣು ಇದೆ. ಅದನ್ನು ಮೊದಲು ಚೀನಾದ ಒಂದು ಮರದಿಂದ ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನಸುಖ್ ವಾನಿ. 70ರ ದಶಕದಲ್ಲಿ ರೋಗಿಗಳಿಗೆ ಅಡ್ಡಪರಿಣಾಮ ಜಾಸ್ತಿಯಾಗಿ ಪ್ರಯೋಗ ನಿಂತಿತು. 1985ರಲ್ಲಿ ಅದು ಟೊಪೊಐಸೊಮರೇಸ್-1 ಎಂಬ ಕಿಣ್ವವನ್ನು ಹಿಡಿಯುತ್ತದೆ ಎಂದು ತಿಳಿಯಿತು. ನನಗೆ ತುಂಬಾ ಇಷ್ಟವಾದ ಪುರಾವೆ ಆಮೇಲಿನದು: ಆ ಕಿಣ್ವವನ್ನೇ ತೆಗೆದುಹಾಕಿದ ಯೀಸ್ಟ್ ಮೇಲೆ ಕ್ಯಾಂಪ್ಟೊಥೆಸಿನ್ ಆಟ ನಡೆಯಲಿಲ್ಲ. ಗುರಿ ಇದೇ ಎಂದು ಹೇಳಲು ಇದಕ್ಕಿಂತ ನೇರವಾದ ಸಾಕ್ಷಿ ಬೇಕೇ? ಅಣುವನ್ನು ತಿದ್ದಿ ಮಾಡಿದ ಕ್ಯಾನ್ಸರ್ ಮದ್ದುಗಳಾದ ಟೊಪೊಟೆಕಾನ್, ಇರಿನೊಟೆಕಾನ್ ಎರಡಕ್ಕೂ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ನಮ್ಮ ಲ್ಯಾಬಿನಲ್ಲಿ ದೊಡ್ಡ ಯಂತ್ರವಿಲ್ಲ ಎನ್ನುವವರಿಗೂ ದಾರಿ ಇದೆ. ಡಾಕಿಂಗ್‌ಗೆ ಮೊದಲು, ಪ್ರೊಟೀನಿನ ಸ್ಫಟಿಕ ರಚನೆಯಲ್ಲಿ ಈಗಾಗಲೇ ಕೂತಿರುವ ಅಣುವನ್ನು ತೆಗೆದು ಮತ್ತೆ ಕೂರಿಸಿ ನೋಡಿ. ಹಳೆಯ ಜಾಗದಿಂದ 2 ಆಂಗ್‌ಸ್ಟ್ರಮ್‌ಗಿಂತ ದೂರ ಹೋದರೆ ನಿಮ್ಮ ಸೆಟ್ಟಿಂಗ್ ಸರಿಯಿಲ್ಲ. ಬಣ್ಣದ ವಸ್ತುವಾದರೆ ಕಿಣ್ವ ಹಾಕದೆ ಅದೊಂದನ್ನೇ ಓದಿಸಿ. ಆಮೇಲೆ ಕಿಣ್ವದ ಪರೀಕ್ಷೆಯನ್ನು 0.01% ಟ್ರೈಟಾನ್ ಎಕ್ಸ್-100 ಸೇರಿಸಿ ಇನ್ನೊಮ್ಮೆ ಮಾಡಿ. ಅದು ಬರೀ ಡಿಟರ್ಜೆಂಟ್, ದುಬಾರಿಯಲ್ಲ. ನಿಮ್ಮ ವಸ್ತು ಕಿಣ್ವಕ್ಕೆ ಒಡ್ಡಿದ್ದ ತಡೆ ಮಾಯವಾದರೆ, ಅಣುಗಳು ಮುದ್ದೆಗಟ್ಟಿ ಕಿಣ್ವವನ್ನು ಹಿಡಿದಿದ್ದವು ಎಂದೇ ಹೆಚ್ಚಿನ ಸಲ ಅರ್ಥ. ಆ ಫಲಿತಾಂಶವನ್ನೂ ಥೀಸಿಸ್‌ನಲ್ಲಿ ಹಾಕಿ. ಪರೀಕ್ಷಕನಾಗಿ ನಾನು ಬಂದರೆ ಅದಕ್ಕೂ ಪೂರ್ತಿ ಅಂಕ ಕೊಡುತ್ತೇನೆ.